ರುಮಿಯಾತಿಯ ಎರಡನೆಯ ಕರಡು

ಕಥೆ ಬರೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ರುಮಿಯಾತಿ ಮೊದಲು ತಲೆವಸ್ತ್ರದ ಅಂಚೆಳೆದು ಬಾಯಿ ಮುಚ್ಚಿಕೊಳ್ಳುತ್ತಾಳೆ. ಆಮೇಲೆ ಕೇಳಿದವರ ಮುಖ ನೋಡದೆ, ಅಂಗಳದ ಕೋಳಿಗೆ ಹೇಳುವವಳ ಹಾಗೆ ಎರಡು ಮಾತು ಹೇಳುತ್ತಾಳೆ. ಹೋದ ಭಾನುವಾರ ನಮ್ಮ ಕಥೆಯ ತರಗತಿಗೆ ಹೊಸದಾಗಿ ಬಂದ ರತ್ರಿ ಎಂಬ ಹುಡುಗಿ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವವಳು, ಅಷ್ಟಕ್ಕೆ ಬಿಡಲಿಲ್ಲ, ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ಬು ಎಂದು ಕರೆದು ಕೇಳಿದಳು.

"ಹೇಳಿ ಬು ರುಮಿ, ನಂಗೆ ಮೊದಲ್ನೇ ಪುಟ ದಾಟೋಕೇ ಆಗ್ತಿಲ್ಲ. ಏನ್ ಮಾಡ್ಲಿ?"

"ಕೆಟ್ಟದಾಗಿ ಬರಿ. ಕೊನೇವರ್ಗೂ ಕೆಟ್ಟದಾಗೇ ಬರಿ. ನಡುವೆ ಎದ್ದು ಹೋಗ್ಬೇಡ."

"ಆಮೇಲೆ?"

"ಆಮೇಲೆ, ಅದ್ರಲ್ಲಿ ನೀನೆಲ್ಲಿದೀಯ ಅಂತ ಹುಡುಕು. ಇಲ್ದಿದ್ರೆ ಯಾಕಿಲ್ಲ ಅಂತ ಕೇಳ್ಕೋ."

"ಅಂದ್ರೆ ಹೆಂಗೆ? ಒಂದು ಉದಾಹರಣೆ ಕೊಡಿ."

ಅಷ್ಟು ಹೊತ್ತಿಗೆ ರುಮಿಯಾತಿಯ ಕಿವಿ ಕೆಂಪಾಗಿತ್ತು. ಟೀ ತರುತ್ತೇನೆ ಎಂದು ಎದ್ದು ಹೋದವಳು ತಿರುಗಿ ಬರಲೇ ಇಲ್ಲ, ಟೀಯೂ ಬರಲಿಲ್ಲ.

ಉದಾಹರಣೆ ನನಗೆ ಗೊತ್ತು. ನಾನು ಸುರಬಾಯಾ ಕಡೆಯವಳು, ಮದುವೆಯಾಗಿ ನಡು ಜಾವಾದ ಈ ಸಾಲಾತಿಗಾಕ್ಕೆ ಬಂದವಳು. ಇಲ್ಲಿಯವರು ಮನೆಗೆ ಬೆಂಕಿ ಬಿದ್ದರೂ "ಸ್ವಲ್ಪ ಸೆಕೆ ಅಲ್ವಾ" ಎನ್ನುವ ಜನ. ಲಿಲಿಕ್‌ಳ ನಾಲಿಗೆಗೆ ಮೂಳೆಯೂ ಇಲ್ಲ, ಬಾಗಿಲೂ ಇಲ್ಲ ಎಂದು ಅತ್ತೆ ಸಾಯುವತನಕ ನನ್ನನ್ನು ಆಡಿಕೊಳ್ಳುತ್ತಿದ್ದರು. ಆದ್ದರಿಂದ ಇದನ್ನು ಹೇಳಬೇಕಾದವಳು ನಾನೇ. ರುಮಿಯಾತಿಯ ಒಪ್ಪಿಗೆ ಕೇಳಿದ್ದೇನೆ. ನೆಲ ನೋಡುತ್ತ ತಲೆಯಾಡಿಸಿದಳು. ಹೌದೆಂದೋ ಬೇಡವೆಂದೋ ತಿಳಿಯಲಿಲ್ಲ, ನಾನು ಹೌದೆಂದೇ ಇಟ್ಟುಕೊಂಡೆ.

ನಮ್ಮ ಕ್ರಾಜನ್ ಕೇರಿಯಲ್ಲಿ ಮದುವೆಗೆ ಹೊರಗಿನ ಅಡುಗೆಯವರು ಬರುವುದಿಲ್ಲ. ಕೇರಿಯ ಹೆಂಗಸರೇ ಸೇರಿ ಬೇಯಿಸುತ್ತಾರೆ. ಅದಕ್ಕೆ ರೆವಾಂಗ್ ಎನ್ನುತ್ತೇವೆ. ಮದುವೆ ಮನೆಯೊಡತಿ ತಾನೇ ಬಾಗಿಲಿಗೆ ಬಂದು ಕರೆಯಬೇಕು. ಕರೆಸಿಕೊಂಡವಳು ತನ್ನ ಚಾಕು ಹಿಡಿದು ಹೋಗಬೇಕು. ಯಾರಿಗೆ ಯಾವ ಕೆಲಸ ಎಂಬುದು ಎಂದೋ ಗೊತ್ತಾಗಿ ಹೋಗಿದೆ. ನಾನು ತೆಂಗಿನಕಾಯಿ ತುರಿಯುವವಳು. ಬಂದಾಗಿನಿಂದ ತುರಿಯುತ್ತಲೇ ಇದ್ದೇನೆ, ಬಡ್ತಿಯಿಲ್ಲ. ಅನ್ನದ ಒಲೆ ಮಾತ್ರ ರುಮಿಯಾತಿಯದು. ಉಳಿದ ದಿನಗಳಲ್ಲಿ ಶಾಲೆಯ ಬೇಲಿಯ ಪಕ್ಕ ಹುದುಗಿಸಿದ ಸೋಯಾಕಾಳಿನ ತೆಂಪೆಯನ್ನು ಕರಿದು ಮಾರುವ ಹೆಂಗಸು, ಮದುವೆ ಮನೆಯ ಹಿತ್ತಲಿಗೆ ಬಂದರೆ ರಾಣಿ. ಆ ದಿನ ಬೆಳಗ್ಗೆಯಿಂದ ಏನೂ ತಿನ್ನದೆ, ಪ್ರಾರ್ಥನೆ ಮುಗಿಸಿ, ತಾಮ್ರದ ದೊಡ್ಡ ಹಬೆಪಾತ್ರೆಗಳ ಮುಂದೆ ಕೂರುತ್ತಿದ್ದಳು. ಪಾತ್ರೆಯ ತಳದ ನೀರಿನಲ್ಲಿ ಒಡೆದ ತಟ್ಟೆಯ ಒಂದು ಚೂರು ಹಾಕಿರುತ್ತಿದ್ದಳು. ನೀರು ಕುದಿಯುವಷ್ಟು ಹೊತ್ತು ಚೂರು ಕಿಣಿಕಿಣಿ ಎನ್ನುತ್ತಿರುತ್ತದೆ, ಸದ್ದು ನಿಂತರೆ ನೀರು ಆರಿತು ಎಂದು ಲೆಕ್ಕ. ಆ ಸದ್ದಿನ ಮೇಲೆ ಒಂದು ಕಿವಿಯಿಟ್ಟು ಅವಳು ನಮಗೆ ಕಥೆ ಹೇಳುತ್ತಿದ್ದಳು.

ಏನು ಕಥೆಗಳು ಅವು! ಸೆಮರಾಂಗ್ ಬಸ್ಸಿನ ಕಂಡಕ್ಟರು ಆಡಿಗೆ ಟಿಕೆಟ್ ಕೇಳಿದ್ದು, ಸಾಹೇಬರ ಹೆಂಡತಿ ಹೊಸ ಹಲ್ಲು ಕಟ್ಟಿಸಿಕೊಂಡು ಭಾಷಣ ಮಾಡಿದ್ದು. ಈರುಳ್ಳಿ ಹೆಚ್ಚುವವರ ಕಣ್ಣಲ್ಲಿ ನೀರು ಈರುಳ್ಳಿಗೆ ಬಂದದ್ದೋ ನಗುವಿಗೆ ಬಂದದ್ದೋ ಗೊತ್ತಾಗುತ್ತಿರಲಿಲ್ಲ. ಅಕ್ಕಿಯ ಚೀಲದ ಮೇಲೆ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಕಸ್ತಿನಾ. ರುಮಿಯಾತಿಯ ಪಕ್ಕದ ಮನೆಯವಳು. ಎರಡೂ ಮನೆಗೆ ಒಂದೇ ಗೋಡೆ. ಆ ಕಡೆ ಹಪ್ಪಳ ಕರಿದರೆ ಈ ಕಡೆ ತಟ್ಟೆ ಸಿದ್ಧವಾಗುತ್ತಿತ್ತು.

ಆ ಕಸ್ತಿನಾಳ ದೊಡ್ಡ ಮಗಳ ಮದುವೆಯಲ್ಲಿ ಅನ್ನ ಸಾಲದೆ ಹೋಯಿತು. ಗಂಡಿನ ಕಡೆಯವರು ತಟ್ಟೆಯಲ್ಲಿ ಮಾಂಸ, ಶ್ಯಾವಿಗೆ, ಪಲ್ಯ ಬಡಿಸಿಕೊಂಡು ಅನ್ನಕ್ಕಾಗಿ ಕಾಯುತ್ತ ಕೂತರು. ಕಸ್ತಿನಾಳ ತಮ್ಮಂದಿರು ಬೈಕು ಹತ್ತಿ ಪೇಟೆಯ ಹೋಟೆಲುಗಳಿಗೆ ಓಡಿ, ಎಲೆಯಲ್ಲಿ ಕಟ್ಟಿದ ಅನ್ನ ತಂದು ಸುರಿದರು. ಮದುವೆ ಮನೆಯಲ್ಲಿ ಅನ್ನ ಮುಗಿಯುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿ ಇನ್ನೊಂದಿಲ್ಲ. ಮದುಮಗನೇ ಬಾರದಿದ್ದರೂ ಜನ ಊಟ ಮಾಡಿ ಹರಸಿ ಹೋಗುತ್ತಾರೆ. "ಅಕ್ಕಿ ಅಳೆದು ಕೊಡೋವಾಗ ಕಸ್ತಿನಾ ಕೈ ನಡುಗಿರ್ಬೇಕು" ಎಂದರು ಜನ. ಅಲ್ಲಿಂದ ಮುಂದೆ ಅವಳು ಜಿಪುಣಿ ಕಸ್ತಿನಾ ಆದಳು. ಪಾಪ, ಅವಳು ಮಾರನೇ ದಿನದಿಂದಲೇ ಬದಲಾಗಿಬಿಟ್ಟಳು. ಅವಳ ಮನೆಗೆ ಉಪ್ಪು ಕೇಳಲು ಹೋದವಳೂ ಎರಡು ಸಲ ಬಡಿಸಿಕೊಳ್ಳದೆ ಏಳುವ ಹಾಗಿಲ್ಲ. ಜನ ಹೊಟ್ಟೆ ತುಂಬ ತಿಂದು, ಕೇರಿಯ ತಿರುವು ದಾಟಿದ ಮೇಲೆ ಮತ್ತೆ ಜಿಪುಣಿ ಎನ್ನುತ್ತಿದ್ದರು.

ಇದೆಲ್ಲ ಹಳೆಯದಾದ ಮೇಲೆ ಶುರುವಾದದ್ದು ಪಾಕ್ ತರ್ಮುಜಿಯವರ ಕಥೆಯ ತರಗತಿ. ನಾವು ಗೌರವದಿಂದ ಪಾಕ್ ಎಂದು ಕರೆಯುವ ತರ್ಮುಜಿ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಜಾವಾ ಭಾಷೆಯ ವಾರಪತ್ರಿಕೆಯಲ್ಲಿ ಅವರ ಕೆಲವು ಕಥೆಗಳು ಬಂದಿವೆ. ಅವುಗಳಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ. ಭಾನುವಾರ ಬೆಳಗ್ಗೆ ಅವರ ಜಗಲಿಯ ಮೇಲೆ ರಿಪೇರಿಗೆ ಬಂದ ಯಂತ್ರಗಳೇ ನಮಗೆ ಮೇಜು. ಮಾತು ಸಿಗದಾಗ ಕಾಲು ತಾನಾಗಿಯೇ ತುಳಿಯುತ್ತದೆ. ತರಗತಿಯಲ್ಲಿ ಕಥೆಗಿಂತ ಗಾಲಿಯ ಸದ್ದೇ ಜಾಸ್ತಿ. ರುಮಿಯಾತಿಯನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ನಾನು.

"ಒಲೆ ಮುಂದೆ ಹೇಳೋದನ್ನ ಕಾಗದದ ಮೇಲೆ ಹೇಳು, ಅಷ್ಟೇ ತಾನೆ" ಎಂದಿದ್ದೆ.

ಅಷ್ಟೇ ಆಗಿರಲಿಲ್ಲ. ಪೆನ್ನು ಹಿಡಿದ ಕೂಡಲೇ ಅವಳು ಬೇರೆ ಯಾರೋ ಆಗಿಬಿಡುತ್ತಿದ್ದಳು. 'ಮೆರ್ಬಾಬು ಪರ್ವತದ ಗಂಭೀರ ಶಿಖರವನ್ನು ಅರುಣನ ಹೊಂಗಿರಣಗಳು ಚುಂಬಿಸುತ್ತಿರಲು' ಎಂದು ಶುರು. ಅದು ಸರಿಬರದೆ ಅಳಿಸಿ, ಮತ್ತೆ ಪರ್ವತ, ಮತ್ತೆ ಕಿರಣ. ವಾರ ವಾರವೂ ಬೆಳಗಾಗುವುದೇ ಆಯಿತು. ಒಂದು ದಿನ ಪಾಕ್ ತರ್ಮುಜಿ, ಅಕ್ಕ ಎನ್ನುವ ಸಲಿಗೆಯಲ್ಲಿ ಯೂ ಎಂದು ಕರೆದು, ಕೇಳಿಯೇಬಿಟ್ಟರು.

"ಯೂ ರುಮಿ, ಪರ್ವತ ಎದ್ದಾಯ್ತು. ಮನುಷ್ಯರು ಯಾವಾಗ ಏಳ್ತಾರೆ?"

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. "ಒಲೆ ಮುಂದೆ ಕೂತಾಗ ಬೆಟ್ಟದಿಂದ ಶುರು ಮಾಡ್ತೀಯಾ?"

"ಇಲ್ಲ ಪಾಕ್. ಯಾರೋ ಏನೋ ಕಳ್ಕೊಂಡ್ರು ಅಂತ ಶುರು ಮಾಡ್ತೀನಿ."

"ಹಂಗಾದ್ರೆ ಅಲ್ಲಿಂದ್ಲೇ ಶುರು ಮಾಡು. ಬೆಟ್ಟ ಎಲ್ಲಿಗೂ ಓಡಿ ಹೋಗಲ್ಲ, ಬೇಕಾದ್ರೆ ಆಮೇಲೆ ಕರೆದ್ರಾಯ್ತು."

ಅವತ್ತು ಅವರು ನಮ್ಮೆಲ್ಲರ ರಬ್ಬರು ಕಿತ್ತುಕೊಂಡು ಬಾಬಿನ್ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದರು. ಮೊದಲ ಕರಡೆಂದರೆ ಕಚ್ಚಾ ಹೊಲಿಗೆ, ದಾರ ಹೊರಗೆ ಕಾಣಿಸಿದರೆ ನಾಚಬೇಡಿ, ಬಿಚ್ಚುವುದಕ್ಕೆಂದೇ ಹಾಕುವ ಹೊಲಿಗೆ ಅದು ಎಂದರು. ಕಥೆಯಲ್ಲಿರುವವನಿಗೆ ಏನಾದರೂ ಬೇಕಾಗಿರಲಿ, ಒಂದು ಲೋಟ ನೀರಾದರೂ ಸರಿ. ಏನೂ ಬೇಡದವನನ್ನು ಹಿಡಿದು ಯಾರೂ ಮುಂದೆ ಹೋಗಲಾರರು. ಬರೆದದ್ದನ್ನು ಬಾಯಿಬಿಟ್ಟು ಓದಿ. ನಾಲಿಗೆ ಎಡವಿದಲ್ಲಿ ಗೆರೆ ಹಾಕಿ. ಮುಗಿದ ಮೇಲೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬರೆದದ್ದು ಮರೆಯುವತನಕ ಯಾರಿಗೂ ತೋರಿಸಬೇಡಿ. ಅವರು ಹೇಳಿದ್ದರಲ್ಲಿ ಈ ಕೊನೆಯದೇ ಎಲ್ಲಕ್ಕಿಂತ ಒಳ್ಳೆಯದು. ಅದನ್ನು ಮೊದಲು ಮುರಿದವರು ಅವರೇ.

ಶಾಲೆಗೆ ದಿಢೀರನೆ ರಜೆ ಕೊಟ್ಟ ಒಂದು ದಿನ, ತೆಂಪೆ ಮಾರಾಟವಾಗದೆ ಮನೆಗೆ ಬಂದ ರುಮಿಯಾತಿ ಕೂತಲ್ಲಿಯೇ ಕಥೆ ಬರೆದು ಮುಗಿಸಿದಳು. ಭಾನುವಾರ ಓದಿದಳು. ಮದುವೆ ಮನೆಯಲ್ಲಿ ಅನ್ನ ಮುಗಿದುಹೋಗುವ ಕಥೆ. ಬು ಮರ್ಸಿಹ್ ಎಂಬ ತಾಯಿ ಅಕ್ಕಿಯ ಸೇರನ್ನು ಅಂಗೈಯಿಂದ ಸವರಿ ಸವರಿ ಅಳೆಯುತ್ತಾಳೆ, ಒಂದು ಕಾಳು ಹೆಚ್ಚು ಬಿದ್ದರೂ ಹೆಕ್ಕಿ ಚೀಲಕ್ಕೆ ಹಾಕುತ್ತಾಳೆ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೊನೆಯಲ್ಲಿ ಅನ್ನ ಮುಗಿಯುತ್ತದೆ. ಆ ತಾಯಿ ಬಚ್ಚಲುಮನೆಯೊಳಗೆ ಹೋಗಿ ಅಗಳಿ ಹಾಕಿ, ತಾನು ಅಳುವುದು ಹೊರಗೆ ಕೇಳಬಾರದೆಂದು ನಲ್ಲಿ ತಿರುಗಿಸುತ್ತಾಳೆ. ಅಲ್ಲಿಗೆ ಬಂದಾಗ ಯಂತ್ರಗಳ ಗಾಲಿಯೂ ನಿಂತಿತು. ಪಾಕ್ ತರ್ಮುಜಿ ಕನ್ನಡಕ ತೆಗೆದು ಒರೆಸಿಕೊಂಡರು.

"ಇದು ಕಥೆ" ಎಂದರು. "ಇದು ನಾಲ್ಕು ಜನ ಕೇಳಬೇಕಾದ ಕಥೆ."

ಪೆಟ್ಟಿಗೆ ಎಲ್ಲಿ ಹೋಯಿತೋ, ಬೀಗ ಎಲ್ಲಿ ಹೋಯಿತೋ. ಶಿಷ್ಯೆಯ ಗೆಲುವಿನಲ್ಲಿ ಗುರುಗಳೇ ಮೈಮರೆತರು. ಆ ತಿಂಗಳು ಕೇರಿಯ ಹೆಂಗಸರ ಚೀಟಿ ಕೂಟ ಬು ಮುರ್ಸಿದಾ ಮನೆಯಲ್ಲಿತ್ತು. ಅಲ್ಲಿ ಕಥೆ ಓದಿಸುವ ಏರ್ಪಾಡು ಮಾಡಿದರು. ಹೆಸರು ಬದಲಿಸಿದ್ದೇವಲ್ಲ ಎಂದು ನಾವೆಲ್ಲ ನೆಮ್ಮದಿಯಾಗಿದ್ದೆವು. ಹೆಸರು ಬದಲಿಸಿದರೆ ಮನೆ ಬದಲಾಗುತ್ತದೆಯೇ? ಆ ಬುದ್ಧಿ ಒಬ್ಬರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಕಸ್ತಿನಾ ಕಿಟಕಿಯ ಪಕ್ಕ ಕೂತಿದ್ದಳು. ರುಮಿಯಾತಿ ಸೇರು ಸವರುವ ಭಾಗ ಓದುತ್ತಿದ್ದಂತೆ ಒಂದು ಕಡೆಯಿಂದ ನಗು ಎದ್ದಿತು, ಎದ್ದದ್ದು ಅರ್ಧಕ್ಕೆ ನಿಂತಿತು. ನಮ್ಮವರು ಒಬ್ಬರನ್ನು ನೋಡಬಾರದು ಎಂದುಕೊಂಡರೆ ಇಡೀ ಕೋಣೆ ಇನ್ನೊಂದು ಕಡೆ ಕತ್ತು ತಿರುಗಿಸುತ್ತದೆ. ಆಗ ಎಲ್ಲರಿಗೂ ಗೊತ್ತಾಯಿತು. ಓದುತ್ತಿದ್ದವಳಿಗೂ ಗೊತ್ತಾಯಿತು, ದನಿ ಸಣ್ಣಗಾಯಿತು. ಆದರೆ ನಿಲ್ಲಿಸಿದರೆ ಇನ್ನೂ ಕೆಟ್ಟದಲ್ಲವೇ? ನಲ್ಲಿಯ ತನಕ ಓದಿಯೇ ಓದಿದಳು. ಮೊದಲು ಚಪ್ಪಾಳೆ ತಟ್ಟಿದವಳು ಕಸ್ತಿನಾ. ಎದ್ದು ಬಂದು ರುಮಿಯಾತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕಳು.

"ಚೆನ್ನಾಗಿದೆ ಯೂ. ನಲ್ಲಿ ವಿಷ್ಯ ಅಂತೂ ತುಂಬಾ ಚೆನ್ನಾಗಿದೆ."

ತಟ್ಟೆಯ ತಿಂಡಿ ಮುಟ್ಟದೆ ಮನೆಗೆ ಹೋದಳು. ನಮ್ಮ ಸುರಬಾಯಾದಲ್ಲಾಗಿದ್ದರೆ ಅಲ್ಲೇ ಒಂದು ಸುತ್ತು ಜುಟ್ಟು ಹಿಡಿದಾಟ ಆಗಿ, ಸಂಜೆಗೆ ಎಲ್ಲ ಮುಗಿಯುತ್ತಿತ್ತು. ಇಲ್ಲಿ ಏನೂ ಆಗಲಿಲ್ಲ. ಮಾರನೇ ದಿನ ರುಮಿಯಾತಿ ಕ್ಷಮೆ ಕೇಳಲು ಹೋದರೆ "ಅಯ್ಯೋ, ಏನಕ್ಕೆ ಕ್ಷಮೆ? ಕತೆ ಅಲ್ವಾ ಅದು" ಎಂದು ಕಸ್ತಿನಾ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಕಳಿಸಿದಳು. ಆ ಹಣ್ಣು ರುಮಿಯಾತಿಯ ಮನೆಯಲ್ಲಿ ಯಾರೂ ಮುಟ್ಟದೆ ಕಪ್ಪಾಯಿತು.

ಅದಾದ ಮೇಲೆ ಬು ಮುರ್ಸಿದಾಳ ಮಗನ ಮದುವೆ ಬಂತು. ಒಬ್ಬೊಬ್ಬರಿಗೂ ರೆವಾಂಗಿನ ಕರೆ ಬಂತು, ನನಗೂ ಬಂತು. ರುಮಿಯಾತಿ ಚಾಕು ಮಸೆದಿಟ್ಟುಕೊಂಡಳು. ಕರೆಯಲು ಬಂದವರಿಗೆ ತಾನು ಸಿಗದೆ ಹೋದರೆ ಎಂದು ತೆಂಪೆ ವ್ಯಾಪಾರ ಬಿಟ್ಟು ಮನೆಯಲ್ಲೇ ಕಾದಳು. ಬಂದದ್ದು ಮುರ್ಸಿದಾಳ ತಂಗಿಯ ಮಗಳು. ಬಾಗಿಲಲ್ಲಿ ನಿಂತು, ಸೊಂಟ ಬಗ್ಗಿಸಿ, ಎರಡು ಕೈಯಿಂದ ಒಂದು ಲಗ್ನಪತ್ರಿಕೆ ಕೊಟ್ಟು ಹೋದಳು. ಹೊಳೆಯುವ ಪ್ಲಾಸ್ಟಿಕ್ ಹೊದಿಕೆ, ಚಿನ್ನದ ಬಣ್ಣದ ಅಕ್ಷರ. ದೂರದ ನೆಂಟರಿಗೆ, ಗಂಡಂದಿರ ಆಫೀಸಿನವರಿಗೆ ಕೊಡುವಂಥದ್ದು. ಕೇರಿಯ ಹೆಂಗಸಿಗೆ ಲಗ್ನಪತ್ರಿಕೆ ಕೊಟ್ಟರು ಎಂದರೆ, ನೀನು ಹಿತ್ತಲಿಗೆ ಬರಬೇಡ, ಮುಂದಿನ ಬಾಗಿಲಿಂದ ಬಾ ಎಂದ ಹಾಗೆ. ಹಿತ್ತಲಲ್ಲಿ ಕಂಡದ್ದನ್ನು ಕಥೆ ಮಾಡಿ ಓದುವವಳನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ? ಆ ಮರ್ಯಾದೆಗಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು.

ನಾನು ಹೋದಾಗ ಅದನ್ನು ಹಿಡಿದುಕೊಂಡೇ ಕೂತಿದ್ದಳು. "ನೋಡು ಲಿಲಿಕ್, ಶ್ರೀಮತಿ ರುಮಿಯಾತಿ ಮತ್ತು ಕುಟುಂಬ. ಮೊದಲ್ನೇ ಸಲ ನನ್ನ ಹೆಸರು ಅಚ್ಚಾಗಿರೋದು ಇದ್ರಲ್ಲಿ."

ಮದುವೆಯ ದಿನ ಒಳ್ಳೆಯ ಬಟ್ಟೆ ಉಟ್ಟು ಬಂದಳು. ಮುಂದಿನ ಸಾಲಿನಲ್ಲಿ, ಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಕೂರಿಸಿದರು. ನಾನು ಹಿತ್ತಲಿನ ಪರದೆಯ ಸಂದಿಯಿಂದ ನೋಡುತ್ತಿದ್ದೆ. ಹಿತ್ತಲಿನಲ್ಲಿ ಯಾರೋ ಏನೋ ಹೇಳಿ ನಗು ಕೇಳಿದರೆ ಅವಳ ಕತ್ತು ಈ ಕಡೆ ತಿರುಗುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ಅವಳ ಊಟದ ತಟ್ಟೆಯನ್ನು ಕಸ್ತಿನಾ ತಾನೇ ಹೊತ್ತು ತಂದಳು. ಅನ್ನ ಗೋಪುರದ ಹಾಗೆ ಪೇರಿಸಿತ್ತು.

"ಊಟ ಮಾಡ್ಬೇಕು ಬು ರುಮಿಯಾತಿ. ತಾವು ಬಂದಿದ್ದು ನಮ್ಮ ಭಾಗ್ಯ."

ಯೂ ಎಂದು ಕರೆಯುತ್ತಿದ್ದವಳ ಬಾಯಲ್ಲಿ ಬು, ನೀನು ಎನ್ನುತ್ತಿದ್ದವಳ ಬಾಯಲ್ಲಿ ತಾವು. ರುಮಿಯಾತಿ ತಲೆಯೆತ್ತದೆ ಆ ಗೋಪುರವನ್ನೆಲ್ಲ ತಿಂದಳು. ಗ್ಯಾಸ್ ಒಲೆಯಲ್ಲಿ ಬಾಡಿಗೆಯ ಪಾತ್ರೆಯಲ್ಲಿ ಬೇಯಿಸಿದ ಅನ್ನ, ಮುದ್ದೆಯಾಗಿತ್ತು. ಒಂದು ಅಗುಳು ಬಿಡಲಿಲ್ಲ. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು, ಅವಳಿಗೆ ಹೇಗಾಗಿರಬೇಡ? ಹೊರಡುವಾಗ ಕೇಳಿಸಿದ ಸುದ್ದಿ ಇನ್ನೊಂದು: ಕಸ್ತಿನಾಳ ಎರಡನೆಯ ಮಗಳಿಗೂ ದಿನ ಗೊತ್ತಾಗಿತ್ತು. ಇನ್ನು ಎಲ್ಲರ ಕಣ್ಣೂ ಅದರ ಮೇಲೆಯೇ. ಗೋಡೆಯಾಚೆಯ ಮನೆಯ ಮದುವೆಗೆ ರುಮಿಯಾತಿಗೆ ಕರೆ ಬರುತ್ತದೋ, ಮತ್ತೊಂದು ಚಿನ್ನದ ಅಕ್ಷರದ ಪತ್ರಿಕೆಯೋ. ಪತ್ರಿಕೆ ಬಂದರೆ ಅಲ್ಲಿಗೆ ಮುಗಿಯಿತು, ಇನ್ನು ಯಾವ ಮನೆಯ ಹಿತ್ತಲೂ ಅವಳಿಗಿಲ್ಲ.

ಅವಳು ತರಗತಿ ಬಿಟ್ಟಳು. ಮುಖ ಮುಚ್ಚಿಕೊಂಡು ತೆಂಪೆ ಮಾರಿದಳು. ಒಂದು ಬೆಳಗ್ಗೆ ನಾನು ತೆಂಪೆ ಕಟ್ಟಿಸಿಕೊಳ್ಳುತ್ತಿದ್ದಾಗ ಪಾಕ್ ತರ್ಮುಜಿ ಸೈಕಲ್ ತಳ್ಳಿಕೊಂಡು ಬಂದರು. ಅವರ ಮುಖವೂ ಇಳಿದುಹೋಗಿತ್ತು.

"ತಪ್ಪು ನಂದು ಯೂ. ಪೆಟ್ಟಿಗೇಲಿ ಇಡು ಅಂದೋನು ನಾನು, ತೆಗೆಸಿದೋನೂ ನಾನು."

"ಹಾಳೆಗಳನ್ನ ಈ ಒಲೆಗೇ ಹಾಕ್ತೀನಿ ಪಾಕ್. ಕತೆ ಗಿತೆ ನಂಗೆ ಬೇಡ."

"ಹಾಕು, ಆದ್ರೆ ಒಂದು ಮಾತು ಹೇಳಿ ಹಾಕು. ನಿನ್ನ ಕತೇನ ಮತ್ತೆ ಓದಿದೆ. ಈರುಳ್ಳಿ ಹೆಚ್ಚೋಳು ಇದಾಳೆ. ಟೀ ಕಾಯ್ಸೋನು ಇದಾನೆ. ತೆಂಗಿನಕಾಯಿ ತುರಿಯೋಳು ಕೂಡ ಇದಾಳೆ, ಅತಿ ಮಾತಾಡ್ತಾಳೆ." ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದರು. "ಅನ್ನ ಬೇಯ್ಸೋಳು ಎಲ್ಲಿ?"

ಬಾಣಲೆಯಲ್ಲಿ ತೆಂಪೆ ಕಂದು ಬಣ್ಣ ದಾಟಿ ಕಪ್ಪಾಗತೊಡಗಿತು. ಜಾಲರಿ ಸೌಟು ರುಮಿಯಾತಿಯ ಕೈಯಲ್ಲೇ ಇತ್ತು, ಎತ್ತಲಿಲ್ಲ. ಕೊನೆಗೆ ನಾನೇ ಒಲೆ ಆರಿಸಿದೆ.

ಮಧ್ಯಾಹ್ನ ನಮ್ಮ ಮನೆಗೆ ಬಂದಳು. ನೀರು ಕೊಟ್ಟರೆ ಕುಡಿಯಲಿಲ್ಲ. ಚಾಪೆಯ ಎಳೆ ಕೀಳುತ್ತ ಹೇಳಿದಳು. ಕಸ್ತಿನಾಳ ದೊಡ್ಡ ಮಗಳ ಮದುವೆಯ ದಿನ ಅವಳು ಕಂಡಕ್ಟರನ ಕಥೆ ಹೇಳುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಮತ್ತೊಮ್ಮೆ ಹೇಳು ಎಂದರು, ಮತ್ತೊಮ್ಮೆ ಹೇಳಿದಳು. ಆ ಗದ್ದಲದಲ್ಲಿ ತಟ್ಟೆಯ ಚೂರಿನ ಸದ್ದು ನಿಂತದ್ದು ಅವಳಿಗೆ ಕೇಳಲಿಲ್ಲ. ದೊಡ್ಡ ಪಾತ್ರೆಯ ನೀರು ಆರಿ, ಅನ್ನ ತಳದಿಂದ ಮೇಲಿನವರೆಗೆ ಸೀದಿತ್ತು. ಈರುಳ್ಳಿ ಹುರಿಯುವ ವಾಸನೆಯಲ್ಲಿ ಯಾರ ಮೂಗಿಗೂ ಅದು ಬರಲಿಲ್ಲ. ನಾವೆಲ್ಲ ಪ್ರಾರ್ಥನೆಗೆ ಎದ್ದು ಹೋದಾಗ ಅವಳು ಅದಷ್ಟನ್ನೂ ಬಾಳೆಲೆಯಲ್ಲಿ ಸುತ್ತಿ ಬಿದಿರುಮೆಳೆಯ ಹಿಂದೆ ಹೂತುಬಂದಳು. ಉಳಿದದ್ದು ಹೇಗೋ ಸಾಲುತ್ತದೆ ಎಂದುಕೊಂಡಳು.

"ಕಸ್ತಿ ಅಕ್ಕಿ ಕಮ್ಮಿ ಕೊಟ್ಟಿರ್ಲಿಲ್ಲ ಲಿಲಿಕ್. ಜಾಸ್ತೀನೇ ಕೊಟ್ಟಿದ್ಲು. ಯಾಕಮ್ಮಾ ಇಷ್ಟೊಂದು ಅಂತ ನಾನೇ ಬೈದಿದ್ದೆ."

"ಮತ್ತೆ ಜನ ಜಿಪುಣಿ ಅಂದಾಗ ಸುಮ್ನಿದ್ಯಾ?"

"ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತಿದ್ದೆ. ಆಮೇಲೆ ಅದೇ ನಿಜ ಇರ್ಬೇಕು ಅನ್ನೋ ಹಂಗೆ ಆಗೋಯ್ತು. ಬರೆಯೋವಾಗ ನಿಜ್ವಾಗ್ಲೂ ಅವಳೇ ಅಕ್ಕಿ ಕದ್ದಿದ್ಲು ಅನ್ನಿಸ್ತಿತ್ತು."

"ಆ ನಲ್ಲಿ ವಿಷಯ ನಿಂಗೆ ಹೆಂಗೆ ಗೊತ್ತು?"

"ಬಚ್ಚಲ ಬಾಗಿಲ ಹೊರಗೆ ನಿಂತಿದ್ದೆ. ಹೇಳಿಬಿಡೋಣ ಅಂತ್ಲೇ ಹೋಗಿದ್ದೆ. ತಟ್ಟೋಕೆ ಕೈ ಎತ್ತಿದ್ದೆ. ಹಂಗೇ ಇಳಿಸ್ಕೊಂಡು ಬಂದೆ."

ನನಗೆ ಸಿಟ್ಟು ನೆತ್ತಿಗೇರಿತು. ನಾಚಿಕೆ ಇಲ್ಲವೇ ನಿನಗೆ ಎಂದು ಕೂಗಿದೆ. ಕೂಗಿದ ಮೇಲೆ ಅವಳ ಮುಖ ನೋಡಿದರೆ, ಅಲ್ಲಿ ನಾಚಿಕೆಯ ಹೊರತು ಬೇರೇನೂ ಉಳಿದಿರಲಿಲ್ಲ. ಈಗಲೇ ಎದ್ದು ಹೋಗಿ ಕಸ್ತಿನಾಳ ಮುಂದೆ ಬಾಯಿಬಿಟ್ಟು ಹೇಳು ಎಂದೆ.

"ಬಾಯಲ್ಲಿ ಹೇಳೋಕೆ ಹೋದ್ರೆ ನಗಿಸಿಬಿಡ್ತೀನಿ" ಎಂದಳು. "ಅದೇ ನನ್ನ ರೋಗ. ಕಂಡಕ್ಟರ್ ಹಂಗೆ ದನಿ ಮಾಡಿ, ಏನೋ ತಮಾಷೆ ಮಾಡಿ ತಪ್ಪಿಸ್ಕೊಂಡು ಬಂದುಬಿಡ್ತೀನಿ. ಕಾಗದದ ಮೇಲೆ ಆದ್ರೆ ಅದು ಆಗಲ್ಲ."

ಎರಡನೆಯ ಕರಡು ಮೊದಲನೆಯದರ ಹಾಗೆ ಕೂತಲ್ಲಿ ಆಗಲಿಲ್ಲ. ತರಗತಿಗೆ ಮತ್ತೆ ಬಂದಳು, ಮೂಲೆಯ ಯಂತ್ರದ ಮುಂದೆ ಗೋಡೆಗೆ ಮುಖ ಮಾಡಿ ಕೂತಳು. ಪ್ರತಿ ಸಲವೂ ಅನ್ನ ಬೇಯಿಸುವವಳಿಗೆ ಏನಾದರೂ ಒಂದು ನೆಪ ಸಿಕ್ಕಿಬಿಡುತ್ತಿತ್ತು. ಒಂದರಲ್ಲಿ ಅವಳಿಗೆ ಜ್ವರ. ಇನ್ನೊಂದರಲ್ಲಿ ಸೌದೆ ಹಸಿ. ಮತ್ತೊಂದರಲ್ಲಿ ಹೊಟ್ಟೆಕಿಚ್ಚಿನವರು ಯಾರೋ ಮಾಟ ಮಾಡಿಸಿದ್ದರು. ಪಾಕ್ ತರ್ಮುಜಿ ಓದಿ, ಗೆರೆ ಎಳೆದು, ಹಿಂದಕ್ಕೆ ಕೊಡುತ್ತಿದ್ದರು.

"ಕಾರಣ ಹೇಳೋ ಸಾಲುಗಳನ್ನೆಲ್ಲ ತೆಗಿ. ಅವಳು ಏನ್ ಮಾಡಿದ್ಲು, ಅಷ್ಟೇ ಇರ್ಲಿ."

"ತೆಗೆದ್ರೆ ಅವಳು ತುಂಬಾ ಕೆಟ್ಟೋಳು ಥರ ಕಾಣ್ತಾಳೆ ಪಾಕ್."

"ಕಾಣ್ಲಿ ಬಿಡು. ಮತ್ತೆ ಇಲ್ಲಿ, 'ಅವಳ ಹೃದಯ ಪಶ್ಚಾತ್ತಾಪದಿಂದ ಬೆಂದಿತು' ಅಂತ ಬರ್ದಿದೀಯ. ಆಗ ಅವಳ ಕೈ ಎಲ್ಲಿತ್ತು?"

"ಬಾಗಿಲ ಮೇಲೆ. ತಟ್ಟೋಕೆ ಹೋಗಿ..."

"ಅದನ್ನ ಬರಿ. ಹೃದಯ ತೆಗಿ."

ಆಗ ಅವಳು ಅತ್ತಳು, ಗಾಲಿ ತುಳಿಯುತ್ತ. ಹೊಸಬರಿಗೆ ನಾನು ಹೇಳುವುದು ಇದೊಂದೇ: ಬರೆಯುವಾಗ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಎದ್ದು ಹೋಗಬೇಡಿ. ರುಮಿಯಾತಿ ಎದ್ದು ಹೋಗಲಿಲ್ಲ. ಮದುವೆ ಹತ್ತಿರ ಬರುತ್ತಿತ್ತು, ಕಸ್ತಿನಾ ಒಬ್ಬೊಬ್ಬರ ಬಾಗಿಲಿಗೂ ಹೋಗಿ ಕರೆಯತೊಡಗಿದ್ದಳು. ಗೋಡೆಯಾಚೆಯ ರುಮಿಯಾತಿಯ ಬಾಗಿಲು ಮಾತ್ರ ಉಳಿದಿತ್ತು.

ಕರಡು ಮುಗಿದ ದಿನ ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ಓಡಿಹೋಗದ ಹಾಗೆ ಹಿಡಿದುಕೋ ಎಂದಿದ್ದಳು. ಕಸ್ತಿನಾ ಹಿಂದಿನ ಅಡುಗೆಮನೆಯಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ನಮ್ಮನ್ನು ನೋಡಿದ ಕೂಡಲೇ ತಟ್ಟೆಗಳತ್ತ ಕೈ ಚಾಚಿದಳು.

"ಊಟ ಬೇಡ ಕಸ್ತಿ" ಎಂದಳು ರುಮಿಯಾತಿ. "ಒಂದು ಕತೆ ಓದ್ತೀನಿ. ನೀನೊಬ್ಳೇ ಕೇಳ್ಬೇಕು."

"ಇನ್ನೊಂದಾ?" ಎಂದಳು ಕಸ್ತಿನಾ. "ಈ ಸಲ ಏನ್ ಮಾಡಿದೀನಿ ನಾನು? ಕೋಳಿ ಕದ್ದಿದೀನಾ?"

ಅದು ಚುಚ್ಚಲೆಂದೇ ಆಡಿದ ಮಾತು. ಆದರೂ ಎಷ್ಟೋ ದಿನದ ಮೇಲೆ ಬಂದ ನಿಜವಾದ ಮಾತು. ನಾನು ಬಾಗಿಲ ಬಳಿ ಕೂತೆ. ರುಮಿಯಾತಿ ಓದಿದಳು. ಯಾರ ದನಿಯನ್ನೂ ಅನುಕರಿಸಲಿಲ್ಲ, ಎಲ್ಲಿಯೂ ನಗಿಸಲಿಲ್ಲ. ಅದರಲ್ಲಿ ಯಾರ ಹೆಸರೂ ಬದಲಾಗಿರಲಿಲ್ಲ; ಅನ್ನ ಬೇಯಿಸಿದವಳು ರುಮಿಯಾತಿಯೇ. ಅಕ್ಕಿ ಧಾರಾಳವಾಗಿತ್ತು ಎಂಬಲ್ಲಿ ಕಸ್ತಿನಾಳ ಕೈ ಸೊಪ್ಪಿನ ಮೇಲೆ ನಿಂತಿತು. ಬಾಳೆಲೆಯಲ್ಲಿ ಸುತ್ತಿ ಹೂತಲ್ಲಿ ಅವಳು ಕಿಟಕಿಯಾಚೆಯ ಬಿದಿರುಮೆಳೆಯನ್ನೇ ನೋಡಿದಳು. ಕೈ ಎತ್ತಿ, ತಟ್ಟದೆ, ಇಳಿಸಿಕೊಂಡಲ್ಲಿಗೆ ಕಥೆ ಮುಗಿಯಿತು. ಕ್ಷಮೆಯ ಮಾತು ಅದರಲ್ಲಿ ಒಂದೂ ಇರಲಿಲ್ಲ.

ಕಸ್ತಿನಾ ಮಡಿಲ ಸೊಪ್ಪು ಕೊಡವಿ ಎದ್ದಳು, ಬಚ್ಚಲುಮನೆಗೆ ಹೋದಳು. ಅಗಳಿ ಬಿದ್ದ ಸದ್ದು. ಆಮೇಲೆ ನಲ್ಲಿ ತಿರುಗಿಸಿದ ಸದ್ದು.

ನಾವಿಬ್ಬರೂ ಆ ನೀರ ಸದ್ದು ಕೇಳುತ್ತ ಕೂತೆವು. ತೊಟ್ಟಿ ತುಂಬಿ ಚೆಲ್ಲುವ ಹಾಗೆ ಕೇಳಿಸಿತು. ರುಮಿಯಾತಿ ನನ್ನ ಮುಖ ನೋಡಿದಳು. ದೇವರ ದಯೆ, ಜನ್ಮದಲ್ಲಿ ಒಂದು ಸಲ ನನ್ನ ಬಾಯಿ ಮುಚ್ಚಿತ್ತು. ಅವಳು ಎದ್ದು ಹೋಗಿ ಆ ಬಾಗಿಲ ಮುಂದೆ ನಿಂತಳು. ಕೈ ಎತ್ತಿದಳು. ತಟ್ಟಿದಳು.

ನಲ್ಲಿ ನಿಂತಿತು.

"ಯಾರದು?"

"ನಾನು. ಅನ್ನ ಸೀಯ್ಸಿದೋಳು."

ಒಳಗೆ ಮೂಗು ಒರೆಸಿಕೊಂಡದ್ದು ಕೇಳಿಸಿತು. ಬಾಗಿಲು ತೆರೆಯಲಿಲ್ಲ.

"ಆ ಹಾಳೆಗಳನ್ನ ಅಡುಗೆಮನೇಲಿ ಬಿಟ್ಟು ಹೋಗು" ಎಂದಳು ಒಳಗಿಂದಲೇ. "ನಂಗೆ ಬೇಕು. ಎಲ್ಲರ್ಗೂ ಓದ್ತೀನಿ, ಒಬ್ಬರನ್ನೂ ಬಿಡಲ್ಲ."

"ಆಗ್ಲಿ ಕಸ್ತಿ."

"ನಾಡಿದ್ದು ಬೆಳಗ್ಗೆ ಚಾಕು ತಗೊಂಡು ಬಾ. ಈರುಳ್ಳಿಗೆ. ಒಲೆ ಹತ್ರ ಸುಳಿದ್ರೆ ಕೈ ಮುರೀತೀನಿ, ಯೂ."

ಆ ಹಾಳೆಗಳು ಇವತ್ತಿಗೂ ಕಸ್ತಿನಾಳ ಹತ್ತಿರವೇ ಇವೆ. ಪಾಕ್ ತರ್ಮುಜಿ ಪತ್ರಿಕೆಗೆ ಕಳಿಸಲು ಎಷ್ಟು ಬೇಡಿಕೊಂಡರೂ ಕೊಟ್ಟಿಲ್ಲ. ಚೀಟಿ ಕೂಟದಲ್ಲಿ ಅವಳೇ ಎದ್ದು ನಿಂತು ಪೂರ್ತಿ ಓದಿದಳು. ಓದಿದಷ್ಟು ಹೊತ್ತೂ ರುಮಿಯಾತಿ, ಹಿಂದೆ ಕಸ್ತಿನಾ ಕೂತಿದ್ದ ಹಾಗೆಯೇ, ಕಿಟಕಿಯ ಪಕ್ಕ ತಲೆ ತಗ್ಗಿಸಿ ಕೂತಿದ್ದಳು, ಕೋಣೆಯೆಲ್ಲ ಅವಳನ್ನೇ ನೋಡಿತು. ಜಿಪುಣಿ ಎಂಬ ಮಾತು ಅಂದಿಗೆ ಸತ್ತಿತು. ಅನ್ನದ ಒಲೆ ಈಗ ಬೇರೆಯವರದು. ರುಮಿಯಾತಿ ನನ್ನ ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಾಳೆ.

ಕಸ್ತಿನಾಳ ಎರಡನೆಯ ಮಗಳ ಮದುವೆಯ ದಿನ, ಕೆಲಸ ಜೋರಾಗಿ ನಡೆಯುವಾಗ ಯಾರೋ ರೂಢಿಯ ಮೇಲೆ "ಯೂ ರುಮಿ, ಒಂದು ಕತೆ ಹೇಳೇ" ಎಂದರು. ರುಮಿಯಾತಿ ತಲೆವಸ್ತ್ರದ ಅಂಚೆಳೆದುಕೊಂಡಳು. ಅಕ್ಕಿಯ ಚೀಲದ ಮೇಲೆ ಕೂತಿದ್ದ ಕಸ್ತಿನಾ ಅಲ್ಲಿಂದಲೇ ಕೂಗಿದಳು:

"ಅನ್ನ ಇಳೀಲಿ, ಆಮೇಲೆ ಹೇಳ್ತಾಳೆ. ಈಗ ಅವಳು ಚೂರಿನ ಸದ್ದು ಕೇಳ್ತಾ ಇರ್ಲಿ."